ಎಟಿವಿ ಕಾಲಿಗೆ ಟ್ರ್ಯಾಕ್ ಬಂದ ಕಥೆ

1/8

ಆ ರೀಲ್ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರ. ಅಮೆರಿಕದ ಯಾವುದೋ ಕೆರೆ, ಪೂರ್ತಿ ಹೆಪ್ಪುಗಟ್ಟಿದೆ. ಅದರ ಮೇಲೆ ಒಬ್ಬ ಎಟಿವಿ ಓಡಿಸ್ಕೊಂಡು ಬರ್ತಾನೆ. ನಂದಿ ಬೆಟ್ಟದ ಕಡೆ ರೆಸಾರ್ಟ್‌ಗಳಲ್ಲಿ ಬಾಡಿಗೆಗೆ ಕೊಡ್ತಾರಲ್ಲ, ಅದೇ ನಾಲ್ಕು ಚಕ್ರದ ದಪ್ಪ ಟೈರಿನ ಬೈಕು. ಆದ್ರೆ ಇದಕ್ಕೆ ಟೈರೇ ಇಲ್ಲ. ನಾಲ್ಕೂ ಕಡೆ ತ್ರಿಕೋನಾಕಾರದ ರಬ್ಬರ್ ಪಟ್ಟಿ, ಥೇಟ್ ಹಿಟಾಚಿ ಚೈನ್ ತರ. ಇಳಿದು, ಐಸಿಗೆ ಡ್ರಿಲ್ ಹಾಕಿ ತೂತು ಕೊರೆದು, ಗಾಳ ಬಿಟ್ಟು ಕೂತ್ಕೊಳ್ತಾನೆ.

ಕೆಳಗೆ ಕಾಮೆಂಟಲ್ಲಿ ಕನ್ನಡದವರೇ ಒಬ್ರು ಕೇಳಿದ್ರು: "ಟ್ರ್ಯಾಕ್ ಹಾಕಿದ್ರೆ ಐಸ್ ಒಡೆಯಲ್ಲ ಅಲ್ವಾ? ಭಾರ ಹಂಚಿ ಹೋಗುತ್ತೆ." ಅದಕ್ಕೆ ನೂರಾರು ಲೈಕ್.

ಆ ಉತ್ತರ ಅರ್ಧ ಸರಿ. ಉಳಿದ ಅರ್ಧ ತಪ್ಪಾದ್ರೆ ಜನ ಸಾಯ್ತಾರೆ. ಅದು ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಸುಮಾರು 110 ವರ್ಷ ಹಿಂದಕ್ಕೆ ಹೋಗ್ಬೇಕು. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

2/8

ಮೊದಲು ಒಂದು ವಿಷಯ. ನಮಗೆ ಹಿಮ, ಐಸ್ ಎರಡೂ ಒಂದೇ ಅನ್ಸುತ್ತೆ. ಅಲ್ಲಿಯವರಿಗೆ ಎರಡೂ ಬೇರೆ ಬೇರೆ ತಲೆನೋವು. ಹಿಮ ಅಂದ್ರೆ ಮೇಲಿಂದ ಉದುರಿದ್ದು, ರವೆ ತರ ಸಡಿಲ. ಕಾಲಿಟ್ರೆ ಹೂತು ಹೋಗುತ್ತೆ. ಐಸ್ ಅಂದ್ರೆ ಕೆರೆ ನೀರೇ ಗಟ್ಟಿಯಾಗಿ ಆದ ಹಲಗೆ. ಕೆರೆ ಮೇಲೆ ಓಡಾಡೋನಿಗೆ ಎರಡೂ ಒಟ್ಟಿಗೆ ಸಿಗುತ್ತೆ: ಕೆಳಗೆ ನೀರು, ಅದರ ಮೇಲೆ ಐಸ್, ಅದರ ಮೇಲೆ ಹಿಮ.

ಹಿಮದ ಸಮಸ್ಯೆ ನಮ್ಮ ರೈತರಿಗೆ ಚೆನ್ನಾಗಿ ಅರ್ಥ ಆಗುತ್ತೆ. ನಾಟಿಗೆ ಮುಂಚೆ ಗದ್ದೆ ಕೆಸರು ಮಾಡುವಾಗ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಯಾಕೆ ಹಾಕ್ತಾರೆ? ಒದ್ದೆ ಗದ್ದೆಯಲ್ಲಿ ಭತ್ತ ಕೊಯ್ಯೋಕೆ ಟೈರ್ ಮಷಿನ್ ಬಿಟ್ಟು ಚೈನ್ ಮಷಿನ್ ಯಾಕೆ ಕರೆಸ್ತಾರೆ? ಹೂತು ಹೋಗಬಾರದು ಅಂತ. ಅದೇ ಲೆಕ್ಕ ಹಿಮಕ್ಕೂ.

ಒಂದೇ ಒಂದು ವ್ಯತ್ಯಾಸ ನೆನಪಿಟ್ಕೊಳ್ಳಿ. ಗದ್ದೆ ಕೆಸರಿನ ಕೆಳಗೆ ಗಟ್ಟಿ ನೆಲ ಇರುತ್ತೆ. ಕೆರೆಯಲ್ಲಿ ಆ ನೆಲ ಇಲ್ಲ.

3/8

"ಇರೋ ಗಾಡಿಗೇ ಟ್ರ್ಯಾಕ್ ಕಿಟ್ ಹಾಕೋಣ" ಅನ್ನೋ ಐಡಿಯಾ ಎಟಿವಿಗಿಂತ ಎಷ್ಟೋ ಹಳೇದು.

ರಷ್ಯಾದ ಕೊನೆ ಚಕ್ರವರ್ತಿ ಎರಡನೇ ನಿಕೊಲಸ್ ಹತ್ರ ಅಡಾಲ್ಫ್ ಕೆಗ್ರೆಸ್ ಅಂತ ಒಬ್ಬ ಫ್ರೆಂಚ್ ಇಂಜಿನಿಯರ್ ಕೆಲಸಕ್ಕಿದ್ದ. ಅರಮನೆ ಕಾರುಗಳು ಹಿಮದಲ್ಲಿ ಓಡ್ಬೇಕಲ್ಲ? ಅವನು ಹಿಂದಿನ ಚಕ್ರದ ಜಾಗಕ್ಕೆ ಬಾಗೋ ಬೆಲ್ಟಿನ ಟ್ರ್ಯಾಕ್ ಕೂರಿಸಿದ, ಮುಂದಕ್ಕೆ ಸ್ಕೀ. 1917ರಲ್ಲಿ ಕ್ರಾಂತಿ ಆಯ್ತು, ಚಕ್ರವರ್ತಿ ಹೋದ, ಕೆಗ್ರೆಸ್ ಫ್ರಾನ್ಸಿಗೆ ವಾಪಸ್ ಬಂದ. ತಮಾಷೆ ಅಂದ್ರೆ ಆಮೇಲೆ ಲೆನಿನ್ ಓಡಾಡಿದ ರೋಲ್ಸ್ ರಾಯ್ಸ್‌ಗೂ ಅದೇ ಟ್ರ್ಯಾಕ್! ಕ್ರಾಂತಿ ಆದ್ರೂ ಹಿಮ ಹಿಮವೇ. ಕೆಗ್ರೆಸ್ ಸಿತ್ರೊಯೆನ್ ಕಂಪನಿ ಸೇರಿದ. ಅವನ ಟ್ರ್ಯಾಕ್ ಹಾಕಿದ ಕಾರುಗಳು 1922-23ರಲ್ಲಿ ಸಹಾರಾ ಮರುಭೂಮಿ ದಾಟಿದ್ವು, 1931ರಲ್ಲಿ ಶ್ರೀನಗರದಿಂದ ಗಿಲ್ಗಿಟ್ ಕಡೆ ಹಿಮಾಲಯವನ್ನೂ ಹತ್ತಿದ್ವು. ಮರಳು, ಹಿಮ, ಕೆಸರು, ಟ್ರ್ಯಾಕಿಗೆ ಎಲ್ಲಾ ಒಂದೇ.

ಅದೇ ಸಮಯಕ್ಕೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವರ್ಜಿಲ್ ವೈಟ್ ಅನ್ನೋ ಫೋರ್ಡ್ ಡೀಲರ್ ಇನ್ನೂ ಸರಳವಾಗಿ ಯೋಚಿಸಿದ. ಫೋರ್ಡ್ ಮಾಡೆಲ್ ಟಿ ಕಾರಿನ ಮುಂದಿನ ಚಕ್ರ ಬಿಚ್ಚಿ ಸ್ಕೀ ಹಾಕಿ, ಹಿಂದೆ ಇನ್ನೊಂದು ಆಕ್ಸಲ್ ಸೇರಿಸಿ, ಎರಡೂ ಚಕ್ರಕ್ಕೆ ಒಂದು ಟ್ರ್ಯಾಕ್ ಸುತ್ತು. 1917ರಲ್ಲಿ ಪೇಟೆಂಟ್ ಸಿಕ್ತು. "ಸ್ನೋಮೊಬೈಲ್" ಅನ್ನೋ ಹೆಸರನ್ನ ಪೇಟೆಗೆ ತಂದವನು ಇವನೇ. ಕೊಂಡವರು ಹಳ್ಳಿ ಡಾಕ್ಟರು, ಪೋಸ್ಟ್‌ಮ್ಯಾನ್ ತರದವರು. ಯಾಕಂದ್ರೆ ಹಿಮ ಬಿತ್ತು ಅಂತ ಹೆರಿಗೆ ನಿಲ್ಲಲ್ಲ.

4/8

ಈ ಫೋಟೋದಲ್ಲಿರೋ ಗಾಡಿ ನೋಡಿ. ಜಿರಲೆ ತರ ಗುಂಡು ಬೆನ್ನು, ಹಡಗಿನ ತರ ಗುಂಡು ಕಿಟಕಿ, ಮುಂದೆ ಸ್ಕೀ, ಕೆಳಗೆ ಟ್ರ್ಯಾಕ್. ಇದು ಬೊಂಬಾರ್ಡಿಯೆ ಬಿ-12.

ಜೋಸೆಫ್-ಆರ್ಮಂಡ್ ಬೊಂಬಾರ್ಡಿಯೆ 1907ರಲ್ಲಿ ಕೆನಡಾದ ಕೆಬೆಕ್ ಪ್ರಾಂತ್ಯದ ವಾಲ್ಕೂರ್‌ನಲ್ಲಿ ಹುಟ್ಟಿದವನು. ಗ್ಯಾರೇಜ್ ಇಟ್ಕೊಂಡಿದ್ದ, ಹಿಮದ ಮೇಲೆ ಓಡೋ ಗಾಡಿ ಮಾಡ್ಬೇಕು ಅಂತ ಹುಡುಗನಿಂದ ಹುಚ್ಚು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಕ್ಸ್ ಆಗಿ ಹೊಟ್ಟೆಯೊಳಗೆ ಸೋಂಕು ಹರಡ್ತು. ಆಸ್ಪತ್ರೆ ಇದ್ದದ್ದು ಶೆರ್‌ಬ್ರೂಕ್ ಪಟ್ಟಣದಲ್ಲಿ. ರಸ್ತೆ ಪೂರ್ತಿ ಹಿಮ, ಕಾರು ಹೋಗಲ್ಲ. ಮಗು ಉಳೀಲಿಲ್ಲ.

ಹಿಮದ ಗಾಡಿ ಕಟ್ಟೋಕೆ ಹೊರಟಿದ್ದ ಅಪ್ಪನ ಮನೆಯಲ್ಲೇ, ಹಿಮ ದಾಟೋಕಾಗದೆ ಮಗು ಹೋಯ್ತು. ಇದನ್ನ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

1937ರಲ್ಲಿ ಅವನಿಗೆ ಪೇಟೆಂಟ್ ಸಿಕ್ತು. ಹೊಸದು ಏನು ಗೊತ್ತಾ? ರಬ್ಬರ್ ಹೊದಿಸಿದ ಹಲ್ಲಿನ ಚಕ್ರ, ಅದಕ್ಕೆ ಕಚ್ಚಿಕೊಂಡು ತಿರುಗೋ ರಬ್ಬರ್ ಟ್ರ್ಯಾಕ್. ಹಿಮ ಅಂಟಿ ಗಟ್ಟಿಯಾಗೋದು ಕಡಿಮೆ, ತೂಕವೂ ಕಡಿಮೆ. ನಮ್ಮ ರೀಲ್‌ನ ಎಟಿವಿಯಲ್ಲಿ ಇವತ್ತಿಗೂ ಇರೋದು ಇದೇ ಜೋಡಿ: ಹಲ್ಲಿನ ಚಕ್ರ, ರಬ್ಬರ್ ಪಟ್ಟಿ.

5/8

ಈಗ ಬಿಕಾಂನವರಿಗೆ ಖುಷಿ ಆಗೋ ಭಾಗ.

1948ರಲ್ಲಿ ಕೆಬೆಕ್ ಸರ್ಕಾರ ಒಂದು ಕಾನೂನು ತಂತು: ಚಳಿಗಾಲದಲ್ಲಿ ಹಳ್ಳಿ ರಸ್ತೆಗಳ ಹಿಮ ತೆಗೀಲೇಬೇಕು. ಜನರಿಗೆ ಒಳ್ಳೇದು, ಬೊಂಬಾರ್ಡಿಯೆಗೆ ಏಟು. ರಸ್ತೆ ಕ್ಲೀನ್ ಆದ್ಮೇಲೆ ಹಿಮದ ಬಸ್ಸು ಯಾರಿಗೆ ಬೇಕು? ಮಾರಾಟ ಬಿತ್ತು. ಅವನು ಕಾಡು, ಜೌಗು, ಹೊಲದ ಕಡೆ ತಿರುಗಿದ. ಚಕ್ರದ ಟ್ರ್ಯಾಕ್ಟರ್‌ಗೆ ಸುತ್ತಬಹುದಾದ ಟ್ರ್ಯಾಕ್ ಕಿಟ್ ಮಾಡಿದ. 1959ರಲ್ಲಿ ಒಬ್ರಿಬ್ರು ಕೂರೋ ಸ್ಕೀ-ಡೂ ತಂದ, ಅದು ಸೂಪರ್ ಹಿಟ್.

ಹಳೇ ಬಿ-12ಗಳು ಗುಜರಿಗೆ ಹೋದ್ವಾ? ಇಲ್ಲ, ಕೆರೆಗೆ ಹೋದ್ವು. ಕೆರೆ ಮೇಲೆ ಯಾವ ಸರ್ಕಾರ ಹಿಮ ತೆಗೆಯುತ್ತೆ ಹೇಳಿ? ಕೆನಡಾದ ವಿನ್ನಿಪೆಗ್ ಸರೋವರದಲ್ಲಿ ಚಳಿಗಾಲದ ಮೀನುಗಾರಿಕೆ ಶೋಕಿ ಅಲ್ಲ, ಹೊಟ್ಟೆಪಾಡು. ಐಸ್ ಕೆಳಗೆ ಬಲೆ ಹಾಸ್ತಾರೆ. ಒಂದು ತೂತಿನಿಂದ ಇನ್ನೊಂದಕ್ಕೆ ಹಗ್ಗ ಸಾಗಿಸೋಕೆ "ಜಿಗ್ಗರ್" ಅನ್ನೋ ಹಲಗೆ ಇದೆ. ಹಗ್ಗ ಎಳೆದು ಬಿಟ್ಟ ಹಾಗೆಲ್ಲ ಅದು ಐಸಿನ ಅಡಿಗೆ ಅಂಟ್ಕೊಂಡೇ ಮುಂದಕ್ಕೆ ತೆವಳುತ್ತೆ. ಆ ಮೀನುಗಾರರು ಹಳೇ ಬೊಂಬಾರ್ಡಿಯೆಗಳನ್ನ ರಿಪೇರಿ ಮಾಡ್ಕೊಂಡು ದಶಕಗಟ್ಟಲೆ ಓಡಿಸಿದ್ರು. ನಮ್ಮೂರ ಹಳೇ ಮಹೀಂದ್ರ ಜೀಪಿನ ಹಾಗೆ ಅನ್ಕೊಳ್ಳಿ.

ಒಂದು ಅಡ್ಡಕಥೆ: 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ ಎಡ್ಮಂಡ್ ಹಿಲರಿ, ಹೌದು ಎವರೆಸ್ಟ್ ಹಿಲರಿನೇ, ಅಲ್ಲಿಗೆ ಹೋಗಿದ್ದು ಫರ್ಗ್ಯೂಸನ್ ಟ್ರ್ಯಾಕ್ಟರ್‌ನಲ್ಲಿ! ಹೊಲ ಉಳೋ ಟ್ರ್ಯಾಕ್ಟರ್, ಚಕ್ರಗಳ ಸುತ್ತ ಟ್ರ್ಯಾಕ್ ಕಿಟ್. ನಿಮ್ಮೂರ ಕೆಂಪು ಮ್ಯಾಸಿ ಫರ್ಗ್ಯೂಸನ್‌ನ ದೊಡ್ಡಜ್ಜ ಅದು.

6/8

ಎಟಿವಿ ಹುಟ್ಟಿದ್ದೇ ಚಳಿಗಾಲದಿಂದ. 1967ರಲ್ಲಿ ಅಮೆರಿಕದ ಹೋಂಡಾದವರು ಜಪಾನಿಗೆ ಹೇಳಿ ಕಳಿಸಿದ್ರು: ಚಳಿಗಾಲದಲ್ಲಿ ಬೈಕ್ ಯಾರೂ ಕೊಳ್ಳಲ್ಲ, ಡೀಲರ್‌ಗಳು ಸುಮ್ನೆ ಕೂತಿದ್ದಾರೆ, ಏನಾದ್ರೂ ಮಾಡಿಕೊಡಿ. ಒಸಾಮು ತಕೆಉಚಿ ಅನ್ನೋ ಇಂಜಿನಿಯರ್ ಎರಡರಿಂದ ಆರು ಚಕ್ರದವರೆಗೂ ಟ್ರೈ ಮಾಡಿ, ಕೊನೆಗೆ ಬಲೂನ್ ತರದ ಟೈರ್ ಹಾಕಿದ ಮೂರು ಚಕ್ರದ ಗಾಡಿ ಮಾಡಿದ. 1970ರಲ್ಲಿ ಯುಎಸ್90 ಅಂತ ಬಂತು, ಬೆಲೆ 595 ಡಾಲರ್. ಮೂರು ಚಕ್ರ ಪಲ್ಟಿ ಹೊಡೆಯೋದು ಜಾಸ್ತಿ ಆಗಿ, 1988ರಲ್ಲಿ ಅಮೆರಿಕದಲ್ಲಿ ಹೊಸದರ ಮಾರಾಟ ನಿಂತು, ನಾಲ್ಕು ಚಕ್ರದ್ದೇ ಉಳೀತು.

ಈಗ ಉಲ್ಟಾ ನೋಡಿ. ಮಿನ್ನೆಸೋಟದ ರೋಸೋ ಊರಿನ ಪೊಲಾರಿಸ್ ಸ್ನೋಮೊಬೈಲ್ ಕಂಪನಿ. ಅವರಿಗೆ ಬೇಸಿಗೆಯಲ್ಲಿ ಮಾರೋಕೆ ಏನೂ ಇಲ್ಲ. 1985ರಲ್ಲಿ ಅವರೂ ಎಟಿವಿಗೆ ಇಳಿದ್ರು. ಚಳಿಗಾಲ ತುಂಬೋಕೆ ಹೋಂಡಾ, ಬೇಸಿಗೆ ತುಂಬೋಕೆ ಪೊಲಾರಿಸ್, ಇಬ್ರೂ ಒಂದೇ ಗಾಡಿಗೆ ಬಂದ್ರು. ನಮ್ಮ ಮಾರ್ಕೆಟಿಂಗ್ ಪುಸ್ತಕದಲ್ಲಿ ಸೀಸನಲ್ ಡಿಮಾಂಡ್‌ಗೆ ಐಸ್‌ಕ್ರೀಮ್ ಉದಾಹರಣೆ ಕೊಟ್ಟಿದ್ದಾರೆ. ಇದನ್ನ ಕೊಡಬಹುದಿತ್ತು.

ಆದ್ರೂ ಆಳ ಹಿಮದಲ್ಲಿ ಎಟಿವಿ ಟೈರ್ ಹೂತು ಹೋಗ್ತಿತ್ತು. 1992ರಲ್ಲಿ ಅದೇ ಮಿನ್ನೆಸೋಟ ಮೂಲೆಯ ಕಾರ್ಲ್‌ಸ್ಟಡ್ ಊರಲ್ಲಿ ಗ್ಲೆನ್ ಬ್ರೇಜಿಯರ್ ಅನ್ನೋರ 11 ವರ್ಷದ ಮಗ ಒಂದು ಚಿತ್ರ ಬರೆದ: ಪಿಕಪ್ ಗಾಡಿ, ನಾಲ್ಕು ಚಕ್ರದ ಜಾಗದಲ್ಲಿ ನಾಲ್ಕು ಟ್ರ್ಯಾಕ್. ಅಪ್ಪ ನಗಲಿಲ್ಲ, ಮಾಡಿಯೇಬಿಟ್ರು. ಮಗನ ಹೆಸರು ಸೇರಿಸಿ ಕಂಪನಿಗೆ "ಮ್ಯಾಟ್‌ಟ್ರ್ಯಾಕ್ಸ್" ಅಂತ ಇಟ್ರು. ಚಕ್ರ ಬಿಚ್ಚಿ, ಅದೇ ಬೋಲ್ಟಿಗೆ ಟ್ರ್ಯಾಕ್ ಕಟ್ಟೋ ಈ ದಾರಿ ಎಟಿವಿಗೂ ಬಂತು.

ಎಟಿವಿ, ಸ್ನೋಮೊಬೈಲ್ ಟ್ರ್ಯಾಕ್ ಮಾಡ್ತಿದ್ದ ಇನ್ನೊಂದು ದೊಡ್ಡ ಹೆಸರು ಕೆಬೆಕ್‌ನ ಕ್ಯಾಮ್ಸೋ. 2018ರಲ್ಲಿ ಮಿಶೆಲಿನ್ ಅದನ್ನ ಕೊಂಡ್ಕೊಳ್ತು. 2024ರ ಡಿಸೆಂಬರ್‌ನಲ್ಲಿ ಕ್ಯಾಮ್ಸೋ ಬ್ರ್ಯಾಂಡ್‌ನ ಕನ್‌ಸ್ಟ್ರಕ್ಷನ್ ಗಾಡಿ ಟೈರ್-ಟ್ರ್ಯಾಕ್ ವ್ಯವಹಾರವನ್ನ ಸುಮಾರು 225 ಮಿಲಿಯನ್ ಡಾಲರ್‌ಗೆ ಕೊಳ್ಳೋದಾಗಿ ಘೋಷಿಸಿದ್ದು ಯಾರು? ನಮ್ಮ ಸ್ಕೂಟರ್‌ಗೆ ಟೈರ್ ಕೊಡೋ ಸಿಯೆಟ್!

7/8

ಕಿಟ್ ಹಾಕಿದ್ರೆ ಗಾಡಿಗೆ ಏನಾಗುತ್ತೆ? ಟ್ರ್ಯಾಕ್ ತಿರುಗಿಸೋ ಹಲ್ಲಿನ ಚಕ್ರ ಟೈರಿಗಿಂತ ಚಿಕ್ಕದು. ಆಕ್ಸಲ್ ಅಷ್ಟೇ ಸುತ್ತು ತಿರುಗಿದ್ರೂ ಗಾಡಿ ಕಡಿಮೆ ದೂರ ಹೋಗುತ್ತೆ. ಎಳೆಯೋ ಶಕ್ತಿ ಜಾಸ್ತಿ, ಸ್ಪೀಡ್ ಕಡಿಮೆ, ಮೀಟರ್ ತೋರಿಸೋದು ಸುಳ್ಳು. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಹ್ಯಾಂಡಲ್ ಭಾರ ಆಗುತ್ತೆ. ಮುಂದಿನ ಟ್ರ್ಯಾಕ್ ಮಗುಚಿ ಮಡ್‌ಗಾರ್ಡ್‌ಗೆ ಬಡೀಬಾರದು ಅಂತ ಒಂದು ತಡೆ ರಾಡ್ ಕಟ್ತಾರೆ.

ಇನ್ನೊಂದು ಕಾಟ ಇದೆ. ಹಿಮದ ಭಾರಕ್ಕೆ ಐಸ್ ಹಲಗೆ ಸ್ವಲ್ಪ ಕುಸಿದು, ಬಿರುಕಿನಿಂದ ನೀರು ಮೇಲೆ ಬಂದು, ಹಿಮದ ಅಡಿಯಲ್ಲಿ ರಾಗಿ ಗಂಜಿ ತರ ಆಗಿರುತ್ತೆ. ಮೇಲಿಂದ ಕಾಣಲ್ಲ. ಟೈರ್ ಅದರಲ್ಲಿ ಸಿಕ್ಕಿಬಿದ್ರೆ ಕಥೆ ಮುಗೀತು, ಟ್ರ್ಯಾಕ್ ದಾಟಿಸುತ್ತೆ. ಆದ್ರೆ ಟ್ರ್ಯಾಕ್ ಒಳಗೆ ಆ ಗಂಜಿ ಮೆತ್ಕೊಂಡು ರಾತ್ರಿ ಕಲ್ಲಾಗುತ್ತೆ. ಅದಕ್ಕೇ ಗಾಡಿನ ಮರದ ಹಲಗೆ ಮೇಲೆ ನಿಲ್ಲಿಸಿ, ಹೊಡೆದು ಬಡಿದು ಕ್ಲೀನ್ ಮಾಡಿಟ್ಟು ಹೋಗ್ತಾರೆ. ಒಂದು ಸೆಟ್ ಕಿಟ್‌ಗೆ ಸಾವಿರಾರು ಡಾಲರ್ ಕೊಟ್ಟವರು ಸುಮ್ನೆ ಬಿಟ್ಟು ಹೋಗ್ತಾರಾ?

8/8

ಈಗ ಆ ಕಾಮೆಂಟಿಗೆ ಬರೋಣ. ಬಿಕಾಂ ಭಾಷೇಲಿ ಹೇಳ್ತೀನಿ: ಹಿಮ ನೋಡೋದು ಪರ್ ಯೂನಿಟ್ ಕಾಸ್ಟ್. ಐಸ್ ನೋಡೋದು ಟೋಟಲ್ ಕಾಸ್ಟ್.

ಹಿಮದಲ್ಲಿ ಒಂದೊಂದು ಇಂಚಿನ ಮೇಲೆ ಎಷ್ಟು ಭಾರ ಅನ್ನೋದೇ ಮುಖ್ಯ. ಟ್ರ್ಯಾಕ್ ಅದನ್ನ ಇಳಿಸುತ್ತೆ, ಗಾಡಿ ತೇಲುತ್ತೆ. ಐಸ್ ಹಾಗಲ್ಲ. ಅದು ನೀರಿನ ಮೇಲೆ ತೇಲೋ ದೊಡ್ಡ ಹಾಳೆ. ಗಾಡಿ ನಿಂತಾಗ ಹಲವು ಮೀಟರ್ ಅಗಲಕ್ಕೆ ಬಟ್ಟಲಿನ ತರ ಬಾಗುತ್ತೆ. ಆ ಅಗಲದ ಮುಂದೆ ನಾಲ್ಕು ಟೈರ್ ಆದ್ರೇನು, ನಾಲ್ಕು ಟ್ರ್ಯಾಕ್ ಆದ್ರೇನು? ಒಟ್ಟು ತೂಕ ಎಷ್ಟು ಅನ್ನೋದೇ ಲೆಕ್ಕ. ಕಿಟ್ ಹಾಕಿದ್ಮೇಲೆ ಆ ತೂಕ ಇಳಿದಿಲ್ಲ, ಏರಿದೆ!

ಸ್ಕಾಟ್‌ನ ದಕ್ಷಿಣ ಧ್ರುವ ಯಾತ್ರೆಗೆ ಟ್ರ್ಯಾಕ್ ಇದ್ದ ಮೂರು ಮೋಟಾರ್ ಸ್ಲೆಜ್ ತಂದಿದ್ರು. 1911ರ ಜನವರಿ 8ರಂದು ಹಡಗಿನಿಂದ ಇಳಿಸಿ ಎಳ್ಕೊಂಡು ಹೋಗ್ತಿರುವಾಗ ಮೂರನೇದು ಐಸ್ ಒಡೆದು ಸಮುದ್ರದ ತಳ ಸೇರ್ತು. ಟ್ರ್ಯಾಕ್ ಇತ್ತು, ಉಪಯೋಗಕ್ಕೆ ಬರಲಿಲ್ಲ. (ಆ ಸ್ಲೆಜ್ ತಯಾರಿಯಲ್ಲಿ ದುಡಿದ ಸ್ಕೆಲ್ಟನ್ ಅನ್ನೋ ಇಂಜಿನಿಯರ್‌ನ ಹುದ್ದೆ ಜಗಳದಿಂದ ಯಾತ್ರೆಗೇ ಕರ್ಕೊಂಡು ಹೋಗಿರ್ಲಿಲ್ಲ. ಆಫೀಸ್ ಪಾಲಿಟಿಕ್ಸ್ ಎಲ್ಲಾ ಕಡೆ.)

ಇದಕ್ಕೆ ಎದುರಾಗಿ 1941ರ ನವೆಂಬರ್ ನೋಡಿ. ಲೆನಿನ್‌ಗ್ರಾಡ್‌ನ ಜರ್ಮನ್ನರು ಸುತ್ತುವರಿದಿದ್ರು, ಊರೊಳಗೆ ಜನ ಹಸಿವಿನಿಂದ ಸಾಯ್ತಿದ್ರು. ಲದೋಗಾ ಸರೋವರದ ಎಳೆ ಐಸ್ ಮೇಲೆ ಲಾರಿ ಬಿಡಲೇಬೇಕಾಯ್ತು. ಅವರು ಲಾರಿ ಪೂರ್ತಿ ತುಂಬಲಿಲ್ಲ. ಸ್ವಲ್ಪ ಮೂಟೆ ಮಾತ್ರ ಹಾಕಿ, ಉಳಿದದ್ದನ್ನ ಹಿಂದೆ ಕಟ್ಟಿದ ಸ್ಲೆಜ್ ಮೇಲಿಟ್ಟು, ಗಾಡಿ ಗಾಡಿ ಮಧ್ಯೆ ದೂರ ಬಿಟ್ಟು ಓಡಿಸಿದ್ರು. ಐಸ್ ಮೇಲೆ ಭಾರ ಹಂಚೋದು ಅಂದ್ರೆ ಇದು. ಇಂಚುಗಳಲ್ಲಿ ಅಲ್ಲ, ಮೀಟರುಗಳಲ್ಲಿ.

ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳೋದು: ನಡ್ಕೊಂಡು ಹೋಗೋಕೆ 4 ಇಂಚು ದಪ್ಪದ ಐಸ್, ಎಟಿವಿ ಅಥವಾ ಸ್ನೋಮೊಬೈಲ್‌ಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9-10 ಇಂಚು. ಅದೂ ಹೊಸ, ಗಾಜಿನಂಥ ಐಸ್ ಆದ್ರೆ. ಬಿಳಿ ಐಸ್ ಆದ್ರೆ ದುಪ್ಪಟ್ಟು ದಪ್ಪ ಬೇಕು. ಮೇಲೆ ಹಿಮ ಬಿದ್ದಿದ್ರೆ ಇನ್ನೊಂದು ಮೋಸ: ಹಿಮ ಕಂಬಳಿ ತರ ಚಳಿ ತಡೆದು, ಐಸ್ ದಪ್ಪ ಆಗೋದನ್ನ ನಿಧಾನ ಮಾಡುತ್ತೆ. ಅಂದ್ರೆ ಟ್ರ್ಯಾಕ್ ಎಲ್ಲಿ ತುಂಬಾ ಬೇಕು ಅನ್ಸುತ್ತೋ, ಅಲ್ಲೇ ಐಸ್ ತೆಳ್ಳಗಿರೋ ಸಾಧ್ಯತೆ ಜಾಸ್ತಿ. ನನ್ನ ಪ್ರಕಾರ ಆ ಕಾಮೆಂಟ್ ಅಪಾಯಕಾರಿ ಆಗೋದು ಇಲ್ಲೇ. ಟ್ರ್ಯಾಕ್ ಇರೋನು ಟೈರ್ ಇರೋನಿಗಿಂತ ಜಾಸ್ತಿ ದೂರ ಹೋಗ್ತಾನೆ. ಟೈರಿನವನು ಹಿಮದಲ್ಲಿ ಸಿಕ್ಕಿಬಿದ್ದು ಅರ್ಧದಲ್ಲೇ ವಾಪಸ್ ಬಂದಿರ್ತಾನೆ.

ಅನುಭವಸ್ಥರು ಗಾಡಿ ದಡದಲ್ಲಿ ಬಿಟ್ಟು, ಉದ್ದ ಕಬ್ಬಿಣದ ಹಾರೆ ಹಿಡ್ಕೊಂಡು, ಹೆಜ್ಜೆ ಹೆಜ್ಜೆಗೂ ಕುಟ್ಕೊಂಡು ನಡೀತಾರೆ. ಒಂದೇ ಏಟಿಗೆ ನೀರು ಚಿಮ್ಮಿದ್ರೆ ವಾಪಸ್. ಇಲ್ಲಾಂದ್ರೆ ತೂತು ಕೊರೆದು, ಅಳತೆಪಟ್ಟಿ ಇಳಿಬಿಟ್ಟು, ದಪ್ಪ ನೋಡಿ, ಆಮೇಲೆ ಗಾಡಿ ಸ್ಟಾರ್ಟ್ ಮಾಡ್ತಾರೆ. ರೀಲ್‌ನಲ್ಲಿ ಆ ಭಾಗ ಎಡಿಟ್ ಆಗಿರುತ್ತೆ.

ನಿಮ್ಮೂರಲ್ಲಿ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್ ಅಥವಾ ಚೈನ್ ಇರೋ ಭತ್ತದ ಮಷಿನ್ ಫೋಟೋ ಇದ್ರೆ ಡಿಎಂ ಮಾಡಿ, ಸ್ಟೋರಿಗೆ ಹಾಕ್ತೀನಿ.

#ಇತಿಹಾಸ #ಕನ್ನಡ #ಗಾಡಿಕಥೆ #ಬಿಕಾಂಹುಡುಗರು