ಸಾಲ ಕೊಡುವ ಅಧಿಕಾರಿಗೂ ಪರೀಕ್ಷೆ: ಏನು, ಏಕೆ, ಹೇಗೆ?

ಹಾಸನ: ಸಾಲ ಕೇಳಿ ಬಂದವರ ಅರ್ಹತೆಯನ್ನು ಬ್ಯಾಂಕು ಪರಿಶೀಲಿಸುವುದು ಹಳೆಯ ಪದ್ಧತಿ. ಸಾಲ ಕೊಡುವ ಅಧಿಕಾರಿಯೂ ಪರೀಕ್ಷೆ ಬರೆದು ತನ್ನ ಅರ್ಹತೆಯನ್ನು ಸಾಬೀತುಪಡಿಸಬೇಕೆಂಬ ನಿಯಮ ಬಂದದ್ದು ಈಚಿನ ವರ್ಷಗಳಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣದಂತಹ ಊರುಗಳ ಶಾಖೆಗಳಲ್ಲಿ ಬೆಳೆಸಾಲ, ವ್ಯಾಪಾರ ಸಾಲ ಹಾಗೂ ಸಣ್ಣ ಕೈಗಾರಿಕಾ ಸಾಲದ ಕಡತಗಳನ್ನು ನೋಡುವ ಸಿಬ್ಬಂದಿಗೆ ಈ ಪರೀಕ್ಷೆಗಳು ಈಗ ಉದ್ಯೋಗ ಜೀವನದ ಭಾಗವೇ ಆಗಿವೆ. ಈ ಪರೀಕ್ಷೆಗಳನ್ನು ಯಾರು ನಡೆಸುತ್ತಾರೆ, ಅವುಗಳಲ್ಲಿ ಏನನ್ನು ಕೇಳಲಾಗುತ್ತದೆ, ತಾಲ್ಲೂಕು ಮಟ್ಟದ ಶಾಖೆಯ ಕೆಲಸಕ್ಕೂ ಇವಕ್ಕೂ ಇರುವ ಸಂಬಂಧವೇನು ಎಂಬುದರ ವಿವರ ಇಲ್ಲಿದೆ.

ಹಿನ್ನೆಲೆ

ಭಾರತದಲ್ಲಿ ಬ್ಯಾಂಕ್ ನೌಕರರ ವೃತ್ತಿಪರ ಪರೀಕ್ಷೆಗಳನ್ನು ನಡೆಸುವ ಪ್ರಮುಖ ಸಂಸ್ಥೆ ಮುಂಬೈನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್. 1928ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆ 2003ರಲ್ಲಿ ಈಗಿನ ಹೆಸರನ್ನು ಪಡೆಯಿತು. ಬ್ಯಾಂಕ್ ವಲಯದಲ್ಲಿ ಇದನ್ನು ಐಐಬಿಎಫ್ ಎಂದೇ ಕರೆಯಲಾಗುತ್ತದೆ.

ದಶಕಗಳ ಕಾಲ ಈ ಪರೀಕ್ಷೆಗಳು ನೌಕರರ ಇಚ್ಛೆಗೆ ಬಿಟ್ಟ ವಿಷಯವಾಗಿದ್ದವು. ಉತ್ತೀರ್ಣರಾದವರಿಗೆ ಹೆಚ್ಚುವರಿ ವೇತನ ಬಡ್ತಿ ದೊರೆಯುತ್ತಿದ್ದುದೇ ಮುಖ್ಯ ಆಕರ್ಷಣೆಯಾಗಿತ್ತು. ರಿಸರ್ವ್ ಬ್ಯಾಂಕಿನ ಮಾಜಿ ಕಾರ್ಯನಿರ್ವಾಹಕ ನಿರ್ದೇಶಕ ಜಿ. ಗೋಪಾಲಕೃಷ್ಣ ಅಧ್ಯಕ್ಷತೆಯ ಸಮಿತಿಯು ಸಿಬ್ಬಂದಿಯ ಸಾಮರ್ಥ್ಯ ವರ್ಧನೆ ಕುರಿತು 2014ರಲ್ಲಿ ವರದಿ ನೀಡಿದ ನಂತರ ಪರಿಸ್ಥಿತಿ ಬದಲಾಯಿತು. 2016ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯು ಖಜಾನೆ ವ್ಯವಹಾರ, ಅಪಾಯ ನಿರ್ವಹಣೆ, ಲೆಕ್ಕಪತ್ರ ಮತ್ತು ಸಾಲ ನಿರ್ವಹಣೆ ಎಂಬ ನಾಲ್ಕು ವಿಭಾಗಗಳನ್ನು ಗುರುತಿಸಿತು. ಈ ವಿಭಾಗಗಳಲ್ಲಿ ಕೆಲಸ ಮಾಡುವವರು ಸೂಕ್ತ ಪ್ರಮಾಣಪತ್ರ ಪಡೆಯುವುದನ್ನು ಕಡ್ಡಾಯಗೊಳಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಸಾಲ ನಿರ್ವಹಣೆ ಎಂದರೆ ಅರ್ಜಿಯ ಮೌಲ್ಯಮಾಪನ, ಶ್ರೇಯಾಂಕ, ನಿಗಾ ಮತ್ತು ಸಾಲ ಆಡಳಿತ, ಇವೆಲ್ಲವೂ ಅದರಲ್ಲಿ ಸೇರುತ್ತವೆ.

ಯಾವ ಯಾವ ಪರೀಕ್ಷೆ?

ಮೊದಲ ಮೆಟ್ಟಿಲು ಜೆಎಐಐಬಿ. 2023ರಲ್ಲಿ ಜಾರಿಗೆ ಬಂದ ಪರಿಷ್ಕೃತ ಪಠ್ಯಕ್ರಮದಂತೆ ಇದರಲ್ಲಿ ನಾಲ್ಕು ಪತ್ರಿಕೆಗಳಿವೆ: ಭಾರತದ ಅರ್ಥವ್ಯವಸ್ಥೆ ಮತ್ತು ಹಣಕಾಸು ವ್ಯವಸ್ಥೆ, ಬ್ಯಾಂಕಿಂಗ್ ತತ್ವ ಮತ್ತು ಆಚರಣೆ, ಬ್ಯಾಂಕರುಗಳಿಗೆ ಲೆಕ್ಕಶಾಸ್ತ್ರ ಮತ್ತು ಹಣಕಾಸು ನಿರ್ವಹಣೆ, ಹಾಗೂ ಚಿಲ್ಲರೆ ಬ್ಯಾಂಕಿಂಗ್ ಮತ್ತು ಸಂಪತ್ತು ನಿರ್ವಹಣೆ. ಎರಡನೆಯದು ಸಿಎಐಐಬಿ. ಇದರಲ್ಲಿ ನಾಲ್ಕು ಕಡ್ಡಾಯ ಪತ್ರಿಕೆಗಳ ಜತೆಗೆ ಒಂದು ಐಚ್ಛಿಕ ಪತ್ರಿಕೆ ಇರುತ್ತದೆ. ಗ್ರಾಮೀಣ ಬ್ಯಾಂಕಿಂಗ್ ಐಚ್ಛಿಕ ವಿಷಯಗಳಲ್ಲೊಂದು.

ಸಾಲ ವಿಭಾಗಕ್ಕೆಂದೇ ರೂಪಿಸಿರುವುದು ಸರ್ಟಿಫೈಡ್ ಕ್ರೆಡಿಟ್ ಪ್ರೊಫೆಷನಲ್ ಪರೀಕ್ಷೆ. ಸಾಲದ ಮೂಲತತ್ವ, ಹಣಕಾಸು ತಃಖ್ತೆಗಳ ವಿಶ್ಲೇಷಣೆ, ದುಡಿಯುವ ಬಂಡವಾಳ, ಇತರೆ ಬಗೆಯ ಸಾಲಗಳು, ನಿಗಾ ಮತ್ತು ವಸೂಲಾಗದ ಸಾಲಗಳ ನಿರ್ವಹಣೆ ಇದರ ಪಠ್ಯವಸ್ತು. ಬಹು ಆಯ್ಕೆ ಪ್ರಶ್ನೆಗಳ 100 ಅಂಕಗಳ ಪತ್ರಿಕೆಗೆ 2 ಗಂಟೆ ಅವಧಿ; ಉತ್ತೀರ್ಣರಾಗಲು 50 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪರೀಕ್ಷೆ ಮುಗಿಸಿದವರು ಅಲ್ಪಾವಧಿಯ ತರಬೇತಿಯನ್ನೂ ಪೂರೈಸಬೇಕಾಗುತ್ತದೆ.

ಪ್ರಶ್ನೆಪತ್ರಿಕೆಯಲ್ಲಿರುವ ಲೆಕ್ಕ

ಪರೀಕ್ಷೆಯಲ್ಲಿ ಎದುರಾಗುವ ಲೆಕ್ಕಗಳು ಶಾಖೆಯ ನಿತ್ಯದ ಕೆಲಸದಿಂದಲೇ ಬಂದವು. ಪಿ.ಆರ್. ನಾಯಕ್ ಸಮಿತಿಯ ಶಿಫಾರಸಿನಿಂದ ಬಂದ ವಹಿವಾಟು ಆಧಾರಿತ ವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ. ಸಣ್ಣ ಉದ್ಯಮವೊಂದರ ನಿರೀಕ್ಷಿತ ವಾರ್ಷಿಕ ವಹಿವಾಟಿನ ಶೇ 25ರಷ್ಟನ್ನು ದುಡಿಯುವ ಬಂಡವಾಳದ ಅಗತ್ಯವೆಂದು ಪರಿಗಣಿಸಲಾಗುತ್ತದೆ. ಅದರಲ್ಲಿ ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕು ಕೊಡಬೇಕು, ಶೇ 5ರಷ್ಟನ್ನು ಉದ್ಯಮಿಯೇ ತೊಡಗಿಸಬೇಕು. ಚನ್ನರಾಯಪಟ್ಟಣದಲ್ಲಿ ತೆಂಗಿನ ನಾರಿನ ಘಟಕವೊಂದು ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ಅಂದಾಜಿಸಿದೆ ಎಂದುಕೊಂಡರೆ, ಅದಕ್ಕೆ ಬೇಕಾದ ದುಡಿಯುವ ಬಂಡವಾಳ 10 ಲಕ್ಷ. ಬ್ಯಾಂಕಿನ ಪಾಲು 8 ಲಕ್ಷ, ಮಾಲೀಕನ ಪಾಲು 2 ಲಕ್ಷ.

1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದ ಮಿತಿಗೂ ಇಂತಹದೇ ಸೂತ್ರವಿದೆ. ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಪ್ರತಿ ಬೆಳೆಗೆ ನಿಗದಿಪಡಿಸಿದ ಸಾಲದ ಪ್ರಮಾಣವನ್ನು ಜಮೀನಿನ ವಿಸ್ತೀರ್ಣದಿಂದ ಗುಣಿಸಬೇಕು. ಅದಕ್ಕೆ ಕೊಯ್ಲೋತ್ತರ ಹಾಗೂ ಮನೆ ಖರ್ಚಿಗೆಂದು ಶೇ 10, ಕೃಷಿ ಆಸ್ತಿಗಳ ನಿರ್ವಹಣೆಗೆಂದು ಶೇ 20 ಸೇರಿಸಬೇಕು.

ಸಾಲ ಯಾವಾಗ ಅನುತ್ಪಾದಕವಾಗುತ್ತದೆ ಎಂಬ ಪ್ರಶ್ನೆಯೂ ಸಾಮಾನ್ಯ. ವ್ಯಾಪಾರ ಸಾಲದಲ್ಲಿ ಬಾಕಿ 90 ದಿನ ಮೀರಿದರೆ ಅದು ಅನುತ್ಪಾದಕ. ಬೆಳೆಸಾಲದಲ್ಲಿ ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಕಾಯಬೇಕು. ಈ ವ್ಯತ್ಯಾಸ ತಿಳಿಯದ ಅಧಿಕಾರಿಯಿಂದ ರೈತನ ಖಾತೆ ಅಕಾಲದಲ್ಲಿ ಸುಸ್ತಿದಾರರ ಪಟ್ಟಿಗೆ ಸೇರಬಹುದು. ಹಾಗೆ ಸೇರಿದರೆ ಮುಂದಿನ ಹಂಗಾಮಿಗೆ ಆತನಿಗೆ ಹೊಸ ಸಾಲ ಸಿಗುವುದು ಕಷ್ಟ.

ನಾಲ್ಕು ತಾಲ್ಲೂಕು, ನಾಲ್ಕು ಬಗೆ

ಸೂತ್ರ ಒಂದೇ ಆದರೂ ಕಡತಗಳು ಒಂದೇ ಬಗೆಯವಲ್ಲ. ಹಾಸನದಲ್ಲಿ ಕೈಗಾರಿಕಾ ಪ್ರದೇಶದ ಘಟಕಗಳ ಸಾಲದ ಜತೆಗೆ ಆಲೂಗಡ್ಡೆ ಬೆಳೆಗಾರರ ಸಾಲವೂ ಇದೆ. ಅಂಗಮಾರಿ ರೋಗ ಬಿದ್ದ ವರ್ಷ ಆಲೂಗಡ್ಡೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಜಿಲ್ಲೆಯಲ್ಲಿ ಈ ಬೆಳೆಯ ವಿಸ್ತೀರ್ಣ ಹಿಂದಿಗಿಂತ ಕುಗ್ಗಿರುವುದಕ್ಕೆ ಈ ರೋಗವೂ ಒಂದು ಕಾರಣ.

ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಪ್ರಮುಖ ವಾಣಿಜ್ಯ ಬೆಳೆ. ರಾಮನಾಥಪುರದಲ್ಲಿರುವ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯ ವಹಿವಾಟಿನ ಮೇಲೆ ಇಲ್ಲಿನ ಸಾಲ ಮರುಪಾವತಿ ಬಹುಪಾಲು ನಿಂತಿದೆ. ಹೊಳೆನರಸೀಪುರದಲ್ಲಿ ಹೇಮಾವತಿ ನೀರನ್ನು ನಂಬಿದ ಭತ್ತದ ಬೇಸಾಯವಿದೆ. ನಾಲೆಗೆ ನೀರು ಬಿಡುವ ದಿನವೇ ನಾಟಿಯ ದಿನವನ್ನೂ ಸಾಲದ ಹಣ ಬೇಕಾಗುವ ದಿನವನ್ನೂ ತೀರ್ಮಾನಿಸುತ್ತದೆ. ಚನ್ನರಾಯಪಟ್ಟಣದಲ್ಲಿ ತೆಂಗು ಮತ್ತು ಹೈನುಗಾರಿಕೆ ಮುಖ್ಯ. ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಇದೆ.

ಇವುಗಳಲ್ಲಿ ಹೆಚ್ಚಿನ ಸಾಲಗಾರರಿಗೆ ಲೆಕ್ಕ ಪರಿಶೋಧನೆಗೊಳಗಾದ ಆಸ್ತಿ-ಹೊಣೆ ಪಟ್ಟಿ ಇರುವುದಿಲ್ಲ. ಅಧಿಕಾರಿ ನೋಡಬೇಕಾದದ್ದು ಪಹಣಿ, ಋಣಭಾರ ಪತ್ರ, ಡೇರಿಯ ಹಾಲಿನ ಲೆಕ್ಕ, ಮಂಡಿಯ ಚೀಟಿ ಇತ್ಯಾದಿ. ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರೇ ಉಳಿದಿರುವುದು, ಅಣ್ಣತಮ್ಮಂದಿರ ನಡುವೆ ವಿಭಾಗವಾಗದಿರುವುದು ಸಾಮಾನ್ಯ. ಇಂತಹ ಕಡತವನ್ನು ತೀರ್ಮಾನಿಸಲು ಪಠ್ಯದ ಜ್ಞಾನದ ಜತೆಗೆ ಊರಿನ ಪರಿಚಯವೂ ಬೇಕು. ಪ್ರಮಾಣಪತ್ರ ಮೊದಲನೆಯದನ್ನು ಮಾತ್ರ ಅಳೆಯಬಲ್ಲದು.

ಪರೀಕ್ಷೆ ನಡೆಯುವ ಬಗೆ

ಜೆಎಐಐಬಿ ಮತ್ತು ಸಿಎಐಐಬಿ ವರ್ಷಕ್ಕೆ ಎರಡು ಬಾರಿ ನಿಗದಿತ ಕೇಂದ್ರಗಳಲ್ಲಿ ಗಣಕಯಂತ್ರದ ಮೂಲಕ ನಡೆಯುತ್ತವೆ. ಅಭ್ಯರ್ಥಿ ಮೊದಲು ಸಂಸ್ಥೆಯ ಸದಸ್ಯತ್ವ ಪಡೆದು, ನಂತರ ಪರೀಕ್ಷೆಗೆ ನೋಂದಾಯಿಸಿಕೊಂಡು ಕೇಂದ್ರವನ್ನು ಆಯ್ದುಕೊಳ್ಳಬೇಕು. ಪ್ರವೇಶಪತ್ರವನ್ನು ಅಂತರ್ಜಾಲದಿಂದ ಪಡೆಯಬೇಕು. ಪ್ರವೇಶಪತ್ರ ಮತ್ತು ಭಾವಚಿತ್ರವಿರುವ ಮೂಲ ಗುರುತಿನ ಚೀಟಿ ಇಲ್ಲದವರಿಗೆ ಕೊಠಡಿಯೊಳಗೆ ಪ್ರವೇಶವಿಲ್ಲ. ಮೊಬೈಲ್ ನಿಷಿದ್ಧ. ಕ್ಯಾಲ್ಕುಲೇಟರ್‌ಗೆ ಅವಕಾಶವಿದೆಯಾದರೂ ಅದು 8 ಕಾರ್ಯಗಳ, 12 ಅಂಕಿಗಳ ಸರಳ ಯಂತ್ರವಾಗಿರಬೇಕು.

ಪತ್ರಿಕೆಗಳು ಸಾಮಾನ್ಯವಾಗಿ ಬೇರೆ ಬೇರೆ ವಾರಾಂತ್ಯಗಳಲ್ಲಿ ಬರುತ್ತವೆ. ಆದ್ದರಿಂದ ನಾಲ್ಕು ಪತ್ರಿಕೆ ಬರೆಯುವವರಿಗೆ ನಾಲ್ಕು ಪ್ರಯಾಣ. ಹೊಳೆನರಸೀಪುರ ಹಾಸನ-ಮೈಸೂರು ರೈಲು ಮಾರ್ಗದಲ್ಲಿದೆ. ಚನ್ನರಾಯಪಟ್ಟಣಕ್ಕೆ 2017ರಲ್ಲಿ ಪೂರ್ಣಗೊಂಡ ಬೆಂಗಳೂರು-ಹಾಸನ ಮಾರ್ಗದ ಅನುಕೂಲವಿದೆ. ರೈಲು ಸಂಪರ್ಕವಿಲ್ಲದ ಅರಕಲಗೂಡಿನಿಂದ ಹೊರಡುವವರು ಬೆಳಗಿನ ಮೊದಲ ಬಸ್ಸನ್ನೇ ನೆಚ್ಚಬೇಕು. ಶನಿವಾರ ಸಂಜೆಯವರೆಗೆ ಶಾಖೆಯಲ್ಲಿ ದುಡಿದು ಭಾನುವಾರ ಪರೀಕ್ಷೆ ಬರೆಯುವುದು ತಾಲ್ಲೂಕಿನ ನೌಕರರಿಗೆ ಸುಲಭದ ಮಾತಲ್ಲ. ಮನೆಯ ಜವಾಬ್ದಾರಿ ಹೊತ್ತ ಮಹಿಳಾ ಸಿಬ್ಬಂದಿಗಂತೂ ಇನ್ನೂ ಕಷ್ಟ.

2020ರಲ್ಲಿ ಕೋವಿಡ್ ಹರಡಿದ ಬಳಿಕ ಸಂಸ್ಥೆಯ ಕೆಲವು ಪ್ರಮಾಣಪತ್ರ ಪರೀಕ್ಷೆಗಳನ್ನು ಮನೆಯಿಂದಲೇ ಬರೆಯುವ ವ್ಯವಸ್ಥೆ ಬಂದಿತು. ಅಭ್ಯರ್ಥಿ ಒಂಟಿಯಾಗಿ ಕೊಠಡಿಯಲ್ಲಿ ಕುಳಿತು, ಕ್ಯಾಮೆರಾ ಇರುವ ಗಣಕಯಂತ್ರದ ಎದುರು ಪರೀಕ್ಷೆ ಬರೆಯುತ್ತಾನೆ. ಮೇಲ್ವಿಚಾರಕ ದೂರದಿಂದಲೇ ಗಮನಿಸುತ್ತಾನೆ. ಇದರಿಂದ ಪ್ರಯಾಣ ತಪ್ಪಿದರೂ ವಿದ್ಯುತ್ ಹಾಗೂ ಅಂತರ್ಜಾಲ ಸಂಪರ್ಕದ ಚಿಂತೆ ಅಭ್ಯರ್ಥಿಯ ಪಾಲಿಗೆ ಬಂದಿದೆ. ಕೇಂದ್ರದಲ್ಲಿ ವಿದ್ಯುತ್ ಹೋದರೆ ವ್ಯವಸ್ಥಾಪಕರು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಹೋದರೆ ಅಭ್ಯರ್ಥಿಯೇ ದಾರಿ ಕಂಡುಕೊಳ್ಳಬೇಕು.

ಕನ್ನಡದ ಪ್ರಶ್ನೆ

ಜೆಎಐಐಬಿ ಮತ್ತು ಸಿಎಐಐಬಿಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು. ಸಾಲ ವಿಭಾಗದ ಪ್ರಮಾಣಪತ್ರ ಪರೀಕ್ಷೆಗೂ ಕನ್ನಡ ಮಾಧ್ಯಮವಿಲ್ಲ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿತು. ಹೀಗಾಗಿ ಕನ್ನಡದಲ್ಲಿ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದವರು ಮುಂದಿನ ವೃತ್ತಿಪರ ಪರೀಕ್ಷೆಗೆ ಭಾಷೆಯನ್ನು ಬದಲಿಸಬೇಕಾಗಿದೆ.

ಇನ್ನೊಂದು ವೈಚಿತ್ರ್ಯವೂ ಇದೆ. ಸಾಲ ವಸೂಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಬೇಕೆಂದು ರಿಸರ್ವ್ ಬ್ಯಾಂಕ್ 2008ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಪದವೀಧರರಿಗೆ 50 ಗಂಟೆ, ಉಳಿದವರಿಗೆ 100 ಗಂಟೆಗಳ ತರಬೇತಿಯ ನಂತರ ಐಐಬಿಎಫ್ ನಡೆಸುವ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅಂದರೆ, ಸಾಲ ವಸೂಲಿಗೆ ಮನೆ ಬಾಗಿಲಿಗೆ ಬರುವವರಿಗೆ ಕನ್ನಡದಲ್ಲಿ ಪರೀಕ್ಷೆಯಿದೆ. ಸಾಲ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವ ಅಧಿಕಾರಿಗೆ ಇಲ್ಲ. ಸಾಲದ ನಿಯಮಗಳನ್ನು ಇಂಗ್ಲಿಷಿನಲ್ಲಿ ಓದಿ ಪಾಸಾದ ಅಧಿಕಾರಿ ಅವುಗಳನ್ನು ರೈತನಿಗೆ ಕನ್ನಡದಲ್ಲಿ ತಿಳಿಸಿ ಹೇಳಲೇಬೇಕಾದ್ದರಿಂದ ಈ ಕೊರತೆಯ ಪರಿಣಾಮ ಅಭ್ಯರ್ಥಿಗಷ್ಟೇ ಸೀಮಿತವಲ್ಲ.

ಬ್ಯಾಂಕುಗಳ ವಿಲೀನ ಈ ಪ್ರಶ್ನೆಯನ್ನು ಇನ್ನಷ್ಟು ಮುಖ್ಯವಾಗಿಸಿದೆ. ಮೈಸೂರು ಬ್ಯಾಂಕ್ 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕ್ ರೂಪುಗೊಂಡಿತು. ದೇಶದ ಯಾವುದೇ ಭಾಗದ ಅಧಿಕಾರಿ ತಾಲ್ಲೂಕು ಶಾಖೆಗೆ ವರ್ಗವಾಗಿ ಬರಬಹುದಾದ ಇಂದಿನ ಸ್ಥಿತಿಯಲ್ಲಿ, ಸಾಲದ ಮಾತುಕತೆಗೆ ಬೇಕಾದ ಭಾಷೆಯನ್ನು ಯಾವ ಪ್ರಮಾಣಪತ್ರವೂ ಪರೀಕ್ಷಿಸುವುದಿಲ್ಲ.

ಸಹಕಾರ ಸಂಘ ಮತ್ತು ಮಂಡಿ

ಗ್ರಾಮೀಣ ಸಾಲದ ದೊಡ್ಡ ಪಾಲು ಹಾಸನ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್ ಮತ್ತು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ಹರಿಯುತ್ತದೆ. ಈ ವಲಯದ ಸಿಬ್ಬಂದಿಗೆ ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳದ ತರಬೇತಿ ಕೇಂದ್ರಗಳು ಸಹಕಾರ ನಿರ್ವಹಣೆಯ ಡಿಪ್ಲೊಮಾವನ್ನು ಕನ್ನಡದಲ್ಲೇ ನಡೆಸುತ್ತವೆ. ವೃತ್ತಿಶಿಕ್ಷಣವನ್ನು ಕನ್ನಡದಲ್ಲಿ ಕೊಡಲು ಸಾಧ್ಯ ಎಂಬುದಕ್ಕೆ ಇದೇ ನಿದರ್ಶನ.

ಯಾವ ಪರೀಕ್ಷೆಗೂ ಒಳಪಡದ ಸಾಲವೆಂದರೆ ಮಂಡಿಯ ಉದ್ರಿ. ಪಂಜಾಬಿನ ಜಲಂಧರ್‌ನಿಂದ ಬರುವ ಬಿತ್ತನೆ ಆಲೂಗಡ್ಡೆ ಹಾಸನದ ಎಪಿಎಂಸಿ ಪ್ರಾಂಗಣದಲ್ಲಿ ಮಾರಾಟವಾಗುವಾಗ, ಯಾರಿಗೆ ಎಷ್ಟು ಉದ್ರಿ ಕೊಡಬೇಕೆಂಬುದನ್ನು ವರ್ತಕರು ಪರಿಚಯ ಮತ್ತು ಹಿಂದಿನ ವ್ಯವಹಾರದ ಮೇಲೆ ತೀರ್ಮಾನಿಸುತ್ತಾರೆ. ವಿದೇಶಗಳಲ್ಲಿ ಇಂತಹ ವ್ಯಾಪಾರ ಸಾಲಕ್ಕೂ ಪ್ರತ್ಯೇಕ ಪ್ರಮಾಣಪತ್ರಗಳಿವೆ. ಅಮೆರಿಕದಲ್ಲಿ 1896ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಅಸೋಸಿಯೇಷನ್ ಆಫ್ ಕ್ರೆಡಿಟ್ ಮ್ಯಾನೇಜ್‌ಮೆಂಟ್, ಸರಕು ಸಾಲ ಕೊಡುವ ಕಂಪೆನಿಗಳ ಸಾಲ ವ್ಯವಸ್ಥಾಪಕರಿಗೆ ಹಂತ ಹಂತದ ಪರೀಕ್ಷೆ ನಡೆಸುತ್ತದೆ. ಬ್ರಿಟನ್ನಿನಲ್ಲಿ 1939ರಲ್ಲಿ ಆರಂಭವಾದ ಸಾಲ ನಿರ್ವಹಣಾ ಸಂಸ್ಥೆಯೂ ಇದೇ ಕೆಲಸ ಮಾಡುತ್ತಿದೆ. ಭಾರತದಲ್ಲಿ ಕಿರು ಹಾಗೂ ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಗರಿಷ್ಠ 45 ದಿನಗಳೊಳಗೆ ಪಾವತಿಸಬೇಕೆಂಬ ನಿಯಮ 2006ರ ಕಾಯ್ದೆಯಲ್ಲಿದೆ. ಆದರೆ ಉದ್ರಿ ನಿರ್ವಹಣೆಯನ್ನು ವೃತ್ತಿಯಾಗಿ ಕಲಿಸುವ ಏರ್ಪಾಡು ತಾಲ್ಲೂಕು ಕೇಂದ್ರಗಳನ್ನು ತಲುಪಿಲ್ಲ.

ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

* ಜೆಎಐಐಬಿಯಲ್ಲಿ ಪ್ರತಿ ಪತ್ರಿಕೆಗೆ 50 ಅಂಕ ಬೇಕು. ಎಲ್ಲ ಪತ್ರಿಕೆಗಳನ್ನು ಒಂದೇ ಬಾರಿಗೆ ಬರೆದು ಪ್ರತಿಯೊಂದರಲ್ಲೂ ಕನಿಷ್ಠ 45 ಹಾಗೂ ಒಟ್ಟಾರೆ ಶೇ 50 ಪಡೆದರೂ ಉತ್ತೀರ್ಣ.

* ಒಮ್ಮೆ ಉತ್ತೀರ್ಣವಾದ ಪತ್ರಿಕೆಯನ್ನು ನಿಗದಿತ ಕಾಲಮಿತಿಯೊಳಗೆ ಮತ್ತೆ ಬರೆಯಬೇಕಿಲ್ಲ. ಅವಧಿ ಮೀರಿದರೆ ಮೊದಲಿನಿಂದ ಆರಂಭಿಸಬೇಕು.

* ಪಠ್ಯಕ್ರಮ, ಶುಲ್ಕ ಹಾಗೂ ದಿನಾಂಕಗಳು ಬದಲಾಗುತ್ತಿರುತ್ತವೆ. ಹಳೆಯ ಪುಸ್ತಕ ಕೊಳ್ಳುವ ಮುನ್ನ ಸಂಸ್ಥೆಯ ಇತ್ತೀಚಿನ ಪ್ರಕಟಣೆ ನೋಡುವುದು ಒಳಿತು.

* ಪ್ರವೇಶಪತ್ರದಲ್ಲಿನ ಹೆಸರು ಗುರುತಿನ ಚೀಟಿಯಲ್ಲಿನ ಹೆಸರಿಗೆ ತಾಳೆಯಾಗದಿದ್ದರೆ ಪರೀಕ್ಷೆಗೆ ಮೊದಲೇ ತಿದ್ದಿಸಿಕೊಳ್ಳಬೇಕು.