ಆಡಿನ ಲಿವರ್ ಹುಳು: ಐನೂರು ವರ್ಷದ ಹುಡುಕಾಟ

ಸಂಘದ ಇಪ್ಪತ್ತೈದು ವರ್ಷದ ಸಾಲ, ಷೇರು, ಲಾಭಾಂಶದ ಲೆಕ್ಕವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ಸಂಘದ ಸಾಲದಿಂದ ಆಡು ಕಟ್ಟಿದ ಸದಸ್ಯ ಬಾಂಧವರೂ ಇರುವುದರಿಂದ, ಆಡನ್ನು ಒಳಗೊಳಗೇ ತಿನ್ನುವ ಒಂದು ರೋಗದ ಚರಿತ್ರೆಯನ್ನು ನಾವಿಲ್ಲಿ ಬರೆಯುತ್ತಿದ್ದೇವೆ. ಆಡು ಸತ್ತರೂ ಕಂತು ನಿಲ್ಲುವುದಿಲ್ಲವಲ್ಲ!

ಗದ್ದದ ಕೆಳಗೆ ನೀರು ತುಂಬಿ ಊದಿ, ಕಣ್ಣೊಳಗೆ ಬಿಳಿಚಿ, ಮೇವಿದ್ದರೂ ಸೊರಗಿದ ಆಡನ್ನು ಕೊಯ್ದರೆ ಲಿವರಿನ ಪಿತ್ತನಾಳಗಳಲ್ಲಿ ಎಲೆಯಂಥ ಚಪ್ಪಟೆ ಹುಳು ಸಿಗುವುದುಂಟು. ಇದು ಹೊಸ ಕಾಯಿಲೆ ಏನಲ್ಲ. ಫ್ರಾನ್ಸಿನಲ್ಲಿ 1379ರಲ್ಲೇ ಜೆಹಾನ್ ದ ಬ್ರೀ ಎಂಬ ಕುರಿಗಾಹಿ ಕುರಿಗಳ ಈ ರೋಗದ ಬಗ್ಗೆ ಬರೆದಿಟ್ಟ. ಜೌಗಿನಲ್ಲಿ ಬೆಳೆಯುವ ಒಂದು ಗಿಡ ತಿಂದು ಲಿವರ್ ಕೆಡುತ್ತದೆಂದು ಅವನ ಎಣಿಕೆ. ಗಿಡದ ಮಾತು ಸುಳ್ಳಾಯಿತು, ಜೌಗಿನ ಮಾತು ನಿಜವಾಯಿತು. ಮಂದೆಯ ಹಿಂದೆ ನಡೆದವನ ಕಣ್ಣು ಅದು.

1879-80ರಲ್ಲಿ ಇಂಗ್ಲೆಂಡಿನಲ್ಲಿ ಮಳೆ ಹಿಡಿದು ಈ ರೋಗಕ್ಕೆ ಸುಮಾರು 30 ಲಕ್ಷ ಕುರಿ ಸತ್ತವು. ಅಲ್ಲಿನ ರಾಯಲ್ ಕೃಷಿ ಸೊಸೈಟಿಯ ನೆರವಿನಿಂದ ಆಕ್ಸ್‌ಫರ್ಡಿನ ಎ. ಪಿ. ಥಾಮಸ್ ಎಂಬ ತರುಣ ಮೂಲ ಹುಡುಕಲು ಹೊರಟ. ಅವನಿಗೆ ಬೇಕಾದ ಬಸವನಹುಳುವೇ ಸಾಕಷ್ಟು ಸಿಗಲೊಲ್ಲದು. 1882ರ ಜುಲೈನಲ್ಲಿ ಹೊಳೆ ಉಕ್ಕಿ ಹುಲ್ಲುಗಾವಲಿಗೆ ರಾಶಿ ರಾಶಿ ತಂದು ಹಾಕಿತು, ಕೆಲಸ ಕೈಗೂಡಿತು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಲಾಯ್ಕಾರ್ಟ್ ಎಂಬ ಪಂಡಿತರೂ ಅದೇ ಗುಟ್ಟು ಬಿಡಿಸಿದ್ದರು.

ಗುಟ್ಟು ಇಷ್ಟೇ. ಹಿಕ್ಕೆಯೊಡನೆ ಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು, ಮರಿ ಒಂದು ದಿನದೊಳಗೆ ಬಸವನಹುಳುವಿನ ಮೈ ಸೇರಬೇಕು, ಇಲ್ಲವೇ ಸಾಯಬೇಕು. ಸೇರಿತೋ, ಒಂದು ಹೋಗಿ ನೂರಾರಾಗಿ ಹೊರಬಿದ್ದು ನೀರಂಚಿನ ಹುಲ್ಲಿಗೆ ಅಂಟಿ ಕೂರುತ್ತದೆ. ಆ ಹುಲ್ಲು ತಿಂದ ಆಡಿನ ಕರುಳನ್ನು ತೂರಿಕೊಂಡು ಲಿವರಿಗೆ ನುಗ್ಗುತ್ತದೆ.

ನಮ್ಮ ದೇಶದ ಕೆರೆ ಕಾಲುವೆ ಕಡೆಯ ಹುಳು ಇಂಗ್ಲೆಂಡಿನದಕ್ಕಿಂತ ದೊಡ್ಡದು, ಏಳು ಸೆಂಟಿಮೀಟರ್ ಮುಟ್ಟುವುದೂ ಉಂಟು. 1855ರಲ್ಲಿ ಕಾಬೋಲ್ಡ್ ಎಂಬುವರು ಇದನ್ನು ಮೊದಲು ಗುರುತಿಸಿದ್ದು ಜಿರಾಫೆಯ ಲಿವರಿನಲ್ಲಂತೆ! ದನಕ್ಕೆ ಒಮ್ಮೆ ಬಂದರೆ ಸ್ವಲ್ಪ ತಡೆಯುವ ಶಕ್ತಿ ಹುಟ್ಟುತ್ತದೆ, ಆಡಿಗೆ ಹಾಗಿಲ್ಲ.

1983ರಲ್ಲಿ ಟ್ರೈಕ್ಲಾಬೆಂಡಜೋಲ್ ಎಂಬ, ಎಳೆ ಹುಳುವನ್ನೂ ಕೊಲ್ಲುವ ಔಷಧ ಬಂತು. 1995ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಅದಕ್ಕೂ ಬಗ್ಗದ ಹುಳು ಕಂಡುಬಂದವು. ಅಂದಾಜಿನ ಮೇಲೆ ಕಡಿಮೆ ಕುಡಿಸಿದರೆ ಹೀಗಾಗುವ ಭಯ ಹೆಚ್ಚು. ಡಾಕ್ಟರು ಆಡಿನ ತೂಕ ಕೇಳುವುದು ಇದಕ್ಕೇ. ಹುಳು ಇದೆಯೋ ಇಲ್ಲವೋ ಎಂಬುದು ಪಶು ಆಸ್ಪತ್ರೆಯಲ್ಲಿ ಹಿಕ್ಕೆ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಆದರೆ ಎಳೆ ಹುಳು ಮೊಟ್ಟೆ ಇಡುವುದಿಲ್ಲವಾದ್ದರಿಂದ ಮೊದಲ ಎರಡು ಮೂರು ತಿಂಗಳು ಹಿಕ್ಕೆಯಲ್ಲಿ ಏನೂ ಕಾಣದು.