ರಾಣಿಬಾಗ್: ಒಂದು ಸಸ್ಯೋದ್ಯಾನದ ಚರಿತ್ರೆ

ಮುಂಬಯಿಯ ಬೈಕುಲ್ಲಾದಲ್ಲಿರುವ ಜೀಜಾಮಾತಾ ಉದ್ಯಾನವು ಜನರ ಬಾಯಲ್ಲಿ ಇಂದಿಗೂ ರಾಣಿಬಾಗ್ ಆಗಿಯೇ ಉಳಿದಿದೆ. ಪ್ರಾಣಿಸಂಗ್ರಹಾಲಯವೆಂದು ಪ್ರಸಿದ್ಧವಾದ ಈ ಸ್ಥಳವು ಮೂಲತಃ ಸಸ್ಯೋದ್ಯಾನವಾಗಿತ್ತೆಂಬುದನ್ನು ನಾವು ಮೊದಲು ಗಮನಿಸಬೇಕು. ಪಶ್ಚಿಮ ಭಾರತದ ಕೃಷಿ-ತೋಟಗಾರಿಕೆ ಸಂಘವು 1862ರಲ್ಲಿ ಇದನ್ನು ‘ವಿಕ್ಟೋರಿಯಾ ಗಾರ್ಡನ್ಸ್’ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆಯಿತು. ಸಂಘದ ಹಿಂದಿನ ತೋಟವಿದ್ದ ಶಿವಡಿಯ ಜಾಗ ಮುಂದೆ ಸ್ಮಶಾನವಾಯಿತು. 1873ರಲ್ಲಿ ಉದ್ಯಾನವು ನಗರಾಡಳಿತದ ವಶಕ್ಕೆ ಬಂದಿತು. 1890ರಲ್ಲಿ ಪ್ರಾಣಿಗಳಿಗಾಗಿ ಅದನ್ನು ವಿಸ್ತರಿಸಲಾಯಿತು.

ಉದ್ಯಾನಕ್ಕೆ ಹೊಂದಿಕೊಂಡಿರುವ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಆವರಣದಲ್ಲಿ ಒಂದು ಕಲ್ಲಾನೆಯಿದೆ. ಘಾರಾಪುರಿಗೆ ‘ಎಲಿಫೆಂಟಾ’ ಎಂಬ ಹೆಸರು ಬಂದದ್ದು ಇದರಿಂದಲೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸುವ ಯತ್ನದಲ್ಲಿ ಒಡೆದ ಈ ಶಿಲ್ಪವನ್ನು ಕಾಲಾಂತರದಲ್ಲಿ ಇಲ್ಲಿ ಮರುಜೋಡಿಸಲಾಯಿತು.

ಈ ಶತಮಾನದ ಮೊದಲ ದಶಕದಲ್ಲಿ ಪ್ರಾಣಿಸಂಗ್ರಹಾಲಯದ ನವೀಕರಣ ಯೋಜನೆ ರೂಪುಗೊಂಡಾಗ, ಹಳೆಯ ಮರಗಳಿಗೆ ಕುತ್ತು ಬಂದೀತೆಂದು ನಾಗರಿಕರು ಪ್ರತಿಭಟಿಸಿದರು. 2017ರಲ್ಲಿ ಪೆಂಗ್ವಿನ್‌ಗಳ ಪ್ರದರ್ಶನ ಆರಂಭವಾದ ಮೇಲಂತೂ ಸಸ್ಯೋದ್ಯಾನವೆಂಬ ನೆನಪು ಮತ್ತಷ್ಟು ಮಸುಕಾಗಿದೆ. ನಾಗರಿಕರ ಆ ಆತಂಕವು ಚಾರಿತ್ರಿಕವಾಗಿಯೂ ಸಮರ್ಥನೀಯವೆಂದು ನಮ್ಮ ಅಭಿಪ್ರಾಯ. ಒಡೆದ ಕಲ್ಲಾನೆಯನ್ನು ಮತ್ತೆ ಜೋಡಿಸಬಹುದು. ಕಡಿದ ಮರವನ್ನು ಜೋಡಿಸಲಾಗದು. ಕಟ್ಟಡ, ಶಿಲ್ಪಗಳಿಗಿಂತ ಮೊದಲು ಈ ಮರಗಳನ್ನೇ ಉದ್ಯಾನದ ಮೂಲ ಆಕರಗಳೆಂದು ಪರಿಗಣಿಸುವುದು ಉಚಿತ.